ಮೈ ಸಡಿಲ ಬಿಟ್ಟೆ, ನೆಲಕ್ಕೆ ಬಿದ್ದೆ

ನನಗೆ ಮೂರು ಭಯ ಇದ್ದವು. ಲಿಫ್ಟ್, ನಾಯಿ, ಸೂಜಿ. ನಾನು ಹುಟ್ಟಾ ಪುಕ್ಕಲು, ಅದಕ್ಕೇ ಕಂಡಿದ್ದಕ್ಕೆಲ್ಲ ಹೆದರುತ್ತೇನೆ ಅಂದುಕೊಂಡಿದ್ದೆ. ಹಾಗಾಗಿ ಮೂರಕ್ಕೂ ಒಂದೇ ಮದ್ದು ಸಾಕು ಅನ್ನಿಸಿತ್ತು. ಅಲ್ಲೇ ಎಡವಿದ್ದು.

ಮೊದಲು ಗೆದ್ದದ್ದು ಲಿಫ್ಟನ್ನು. ಆ ಭಯದ ಬೇರು ನನಗೆ ಗೊತ್ತಿತ್ತು. ಒಮ್ಮೆ ಕರೆಂಟ್ ಹೋಗಿ ಕತ್ತಲೆಯಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಬೀಳುತ್ತೇನೆ ಅನ್ನುವುದಕ್ಕಿಂತ ಉಸಿರುಗಟ್ಟುತ್ತೆ ಅನ್ನುವ ದಿಗಿಲೇ ಜಾಸ್ತಿ. ಈ ಉಸಿರಿನ ದಿಗಿಲು ಬೇರೆಯದೇ ಜಾತಿ ಅಂತ ಆಮೇಲೆ ಓದಿ ತಿಳಿಯಿತು. ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಭಾಗವಿದೆ, ಭಯದ ಗಂಟೆ ಬಾರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಾ ಹಾಳಾಗಿದ್ದ ಒಬ್ಬ ಮಹಿಳೆಗೆ ಹಾವು, ಜೇಡ ಯಾವುದರ ಭಯವೂ ಇರಲಿಲ್ಲ. ಆದರೆ ಉಸಿರುಗಟ್ಟಿದ ಹಾಗೆ ಅನ್ನಿಸುವ, ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿ ಉಸಿರಾಡಿಸಿದಾಗ ಆಕೆಯೂ ಗಾಬರಿಯಾದಳು. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ನಾನು ಮಾಡಿದ್ದು ಇಷ್ಟೇ. ಮೂರು ದಿನ ಬಾಗಿಲು ತೆರೆದ ಲಿಫ್ಟಿನ ಮುಂದೆ ಸುಮ್ನೆ ನಿಂತೆ. ಆಮೇಲೆ ಒಳಗೆ ಹೋಗಿ ಹೊರಗೆ ಬಂದೆ. ಆಮೇಲೆ ಗೆಳೆಯನ ಜೊತೆ ಒಂದು ಮಹಡಿ. ಕೊನೆಗೆ ಒಬ್ಬನೇ. ನಿಧಾನ ಉಸಿರು, ಮೈ ಸಡಿಲ. ಎದೆ ಡವಡವ ಅನ್ನುತ್ತಿರುವಾಗಲೇ ಓಡಿ ಹೊರಗೆ ಬಂದರೆ ಭಯ ಇನ್ನೂ ಗಟ್ಟಿಯಾಗುತ್ತೆ. ಅದು ಇಳಿಯುವ ತನಕ ಅಲ್ಲೇ ಇರಬೇಕು. ಇದೇನು ಹೊಸ ವಿದ್ಯೆ ಅಲ್ಲ. 1924ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಸುಮಾರು ಮೂರು ವರ್ಷದ ಹುಡುಗನ ಕಥೆ ಬರೆದಿದ್ದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದಿದ್ದರು.

ಲಿಫ್ಟ್ ಗೆದ್ದ ಜಂಬದಲ್ಲಿ ರಕ್ತ ಪರೀಕ್ಷೆಗೆ ಹೋದೆ. ಕುರ್ಚಿಯಲ್ಲಿ ಕೂತೆ, ಉಸಿರು ನಿಧಾನ ಮಾಡಿದೆ, ಮೈ ಸಡಿಲ ಬಿಟ್ಟೆ. ಸೂಜಿ ಚರ್ಮಕ್ಕೆ ತಾಗುವ ಮೊದಲೇ ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ನೆಲದ ಮೇಲಿದ್ದೆ.

ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕರು. “ನಿಮ್ಮಪ್ಪನೂ ಹೀಗೇ ಕಣೋ. ಯಾರ ಕೈ ಕುಯ್ದರೂ ಮೊದಲು ಬೀಳ್ತಿದ್ದವನು ಅವನೇ.” ಅಪ್ಪ ಇದನ್ನು ನನಗೆ ಒಂದು ಸಲವೂ ಹೇಳಿರಲಿಲ್ಲ!

ಆಗ ಹುಡುಕಲು ಶುರು ಮಾಡಿದೆ. ಬೇರೆ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ, ಹಾಗಾಗಿ ಎಷ್ಟೇ ನಡುಗಿದರೂ ಸಾಮಾನ್ಯವಾಗಿ ಎಚ್ಚರ ತಪ್ಪುವುದಿಲ್ಲ. ರಕ್ತ, ಗಾಯ, ಸೂಜಿಯ ಭಯದಲ್ಲಿ ಮಾತ್ರ ಅನೇಕರಿಗೆ ಒತ್ತಡ ಮೊದಲು ಏರಿ, ಆಮೇಲೆ ಧಡಕ್ಕನೆ ಕುಸಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ತಲೆ ತಿರುಗುತ್ತದೆ. ಇದು ಮನೆತನದಲ್ಲಿ ಹರಿದು ಬರುವುದೂ ಜಾಸ್ತಿ. ಗಾಯವಾದಾಗ ರಕ್ತ ಕಡಿಮೆ ಸೋರಲಿ ಅಂತ ಮೈ ಕಲಿತ ಉಪಾಯ ಇದು ಅಂತ ಕೆಲವರ ಊಹೆ. ನನಗಂತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಕಾರಣ ಏನೇ ಇರಲಿ, ಮೊದಲೇ ಕುಸಿಯುವ ಒತ್ತಡವನ್ನು ಮೈ ಸಡಿಲ ಬಿಟ್ಟು ನಾನೇ ಇನ್ನಷ್ಟು ಇಳಿಸಿದ್ದೆ!

ಇದಕ್ಕೆ ಬೇಕಾದದ್ದು ತದ್ವಿರುದ್ಧ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ 1980ರ ದಶಕದಲ್ಲಿ ಬೆಳೆಸಿದ ವಿಧಾನ. ತೋಳು, ಹೊಟ್ಟೆ, ಕಾಲಿನ ಸ್ನಾಯುಗಳನ್ನು 10ರಿಂದ 15 ಸೆಕೆಂಡು ಬಿಗಿ ಹಿಡಿಯಬೇಕು. ಮುಖ ಬೆಚ್ಚಗಾಗುತ್ತದೆ. ಆಗ ಬಿಗಿ ಬಿಡಬೇಕು, ಆದರೆ ಪೂರ್ತಿ ಜೋತು ಬೀಳುವಷ್ಟಲ್ಲ. 20-30 ಸೆಕೆಂಡು ಬಿಟ್ಟು ಮತ್ತೆ. ಹೀಗೆ ಐದು ಸಲ. ದಿನಕ್ಕೆ ಕೆಲವು ಬಾರಿಯಂತೆ ಒಂದು ವಾರ ಮಾಡಿದೆ, ಆಮೇಲೆ ಸೂಜಿಯ ಚಿತ್ರ ನೋಡುತ್ತಾ ಮಾಡಿದೆ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಮುಂದಿನ ಸಲ ರಕ್ತ ಕೊಡುವಾಗ ನಾಚಿಕೆ ಬಿಟ್ಟು ಹೇಳಿದೆ, “ನನಗೆ ತಲೆ ಸುತ್ತು ಬರುತ್ತೆ, ಮಲಗಿಕೊಂಡೇ ಕೊಡ್ತೀನಿ.” ಸೂಜಿ ಚುಚ್ಚುವ ಕೈ ಸಡಿಲ, ಉಳಿದ ಮೈಯೆಲ್ಲ ಬಿಗಿ. ಬೆವರಿದೆ. ಎಚ್ಚರ ತಪ್ಪಲಿಲ್ಲ.

ಇನ್ನು ನಾಯಿ. ನನ್ನನ್ನು ಒಂದು ನಾಯಿಯೂ ಕಚ್ಚಿಲ್ಲ. ನಾಯಿ ಕಂಡರೆ ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು, ಅಷ್ಟೇ. 1980ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಸೂಸನ್ ಮಿನೆಕಾ ಮತ್ತು ಜೊತೆಗಾರರು ಪ್ರಯೋಗಾಲಯದಲ್ಲೇ ಬೆಳೆದ, ಹಾವಿಗೆ ಹೆದರದ ಕೋತಿಗಳಿಗೆ, ಹಾವು ಕಂಡು ಬೆದರುವ ಕೋತಿಗಳನ್ನು ತೋರಿಸಿದರು. ಬಹುಪಾಲು ಕೋತಿಗಳು ಬೇಗನೆ ಹೆದರಲು ಕಲಿತವು. ಆದರೆ ಬೆದರುವ ಕೋತಿಯ ವಿಡಿಯೋದಲ್ಲಿ ಹಾವಿನ ಜಾಗಕ್ಕೆ ಹೂವು ಸೇರಿಸಿ ತೋರಿಸಿದರೆ ಹೂವಿನ ಭಯ ಹುಟ್ಟಲಿಲ್ಲ. ಯಾವುದಕ್ಕೆ ಬೇಗ ಹೆದರಬೇಕು ಅನ್ನುವುದನ್ನು ಮೈ ಮೊದಲೇ ಅರ್ಧ ತಯಾರಿ ಮಾಡಿಟ್ಟುಕೊಂಡಿರುತ್ತದೆ.

ಇಲ್ಲಿ ನಾನಿನ್ನೂ ಅರ್ಧ ದಾರಿಯಲ್ಲಿದ್ದೇನೆ. ಗೆಳೆಯನ ನಾಯಿಯ ಬೆನ್ನು ಸವರುತ್ತೇನೆ. ಅದು ತಿರುಗಿ ನೋಡಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಮಗಳು ಪಕ್ಕದಲ್ಲಿದ್ದರೆ ಮಾತ್ರ ಹಲ್ಲು ಕಚ್ಚಿ ಕೈ ಅಲ್ಲೇ ಇಡುತ್ತೇನೆ. ಅವಳು ನಾಯಿಯನ್ನಲ್ಲ, ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.