ದುಬೈಯಲ್ಲಿ ಸಂಬಳ ಕಡಿತವಾದರೆ: ಮೊದಲು ಯಾವ ಚೆಕ್, ಆಮೇಲೆ ಯಾವ ಬಿಲ್

ಎಚ್‌ಆರ್‌ನವರು ಕರೆದು, "ಮಾರ್ಕೆಟ್ ಸರಿ ಇಲ್ಲ, ಸದ್ಯಕ್ಕೆ ಸಂಬಳದಲ್ಲಿ ಕಾಲು ಭಾಗ ಕಡಿಮೆ ಮಾಡ್ತಿದ್ದೀವಿ, ಇಲ್ಲೊಂದು ಸೈನ್ ಹಾಕಿ" ಅಂದರೆ, ಪೆನ್ನು ಎತ್ತುವ ಮುಂಚೆ ಒಂದೇ ಒಂದು ವಿಷಯ ನೋಡಿ. ಕಡಿತ ಯಾವುದರಲ್ಲಿ? ಬೇಸಿಕ್‌ನಲ್ಲೋ (ಮೂಲ ಸಂಬಳ), ಅಲೋಯನ್ಸ್‌ನಲ್ಲೋ (ಮನೆ, ಓಡಾಟಕ್ಕೆ ಅಂತ ಮೇಲೆ ಕೊಡುವ ಭತ್ಯೆ)?

ಯುಎಇಗೆ ಹೊಸದಾಗಿ ಬಂದವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಹೇಗೂ ಕೈಗೆ ಬರುವುದು ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಇಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಕೊನೆಯ ಬೇಸಿಕ್ ಹಿಡಿದು ಲೆಕ್ಕ ಹಾಕುತ್ತಾರೆ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಅದರ ಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ನಿಮ್ಮ ಸಂಬಳ 8,000 ದಿರ್ಹಂ, ಅದರಲ್ಲಿ ಬೇಸಿಕ್ 4,800 ಅಂದುಕೊಳ್ಳಿ. ನಾಲ್ಕು ವರ್ಷ ಸರ್ವಿಸ್ ಆಗಿದ್ದರೆ ಗ್ರಾಚ್ಯುಟಿ 13,440. ಎಲ್ಲದರಲ್ಲೂ ಕಾಲು ಭಾಗ ಕತ್ತರಿಸಿ ಬೇಸಿಕ್ 3,600ಕ್ಕೆ ಇಳಿಸಿದರೆ, ಅದೇ ನಾಲ್ಕು ವರ್ಷಕ್ಕೆ ಸಿಗುವುದು 10,080. ನೀವು ಆಗಲೇ ದುಡಿದು ಮುಗಿಸಿದ ವರ್ಷಗಳ 3,360 ದಿರ್ಹಂ ಒಂದು ಸಹಿಯಲ್ಲಿ ಹೋಯಿತು. 8,000ದ ಕಾಲು ಭಾಗ ಅಂದರೆ 2,000 ದಿರ್ಹಂ, ಅಷ್ಟನ್ನೂ ಬರೀ ಅಲೋಯನ್ಸ್‌ನಲ್ಲಿ ಕಡಿಮೆ ಮಾಡಿದರೆ ಬೇಸಿಕ್‌ಗೆ ಏನೂ ಆಗುವುದಿಲ್ಲ.

ಹಾಗಾಗಿ ಮೆಲ್ಲಗೆ ಕೇಳಿ: "ಸರ್, ಬೇಸಿಕ್ ಹಾಗೇ ಇರಲಿ, ಅಲೋಯನ್ಸ್‌ನಲ್ಲಿ ಹೊಂದಿಸಿಕೊಳ್ಳಿ." ಕಂಪನಿಗೂ ಈ ತಿಂಗಳು ಉಳಿಯುವುದು ಅಷ್ಟೇ, ಎಷ್ಟೋ ಕಡೆ ಒಪ್ಪುತ್ತಾರೆ. ಕಡಿತ ಯಾವ ತಿಂಗಳವರೆಗೆ ಅಂತಲೂ ಬರೆಸಿಕೊಳ್ಳಿ. 2020ರಲ್ಲಿ ಕೊರೊನಾ ಬಂದಾಗ ತಾತ್ಕಾಲಿಕ ಕಡಿತಕ್ಕೆ ಇಲ್ಲಿನ ಸರ್ಕಾರವೇ ನಿಯಮ ತಂದಿತ್ತು. ಆಗಲೂ ನೌಕರ ಒಪ್ಪಿ ಸಹಿ ಹಾಕಬೇಕು ಅಂತಲೇ ಇತ್ತು. "ಸುಮ್ನೆ ಫಾರ್ಮಾಲಿಟಿ" ಅಂತ ಯಾರಾದರೂ ಹೇಳಿದರೆ ಆ ಕಾಗದವನ್ನು ಎರಡು ಸಲ ಓದಿ. ಇನ್ನೊಂದು, ಸಂಬಳವಿಲ್ಲದ ರಜೆ. ಆ ದಿನಗಳು ಗ್ರಾಚ್ಯುಟಿಯ ಸರ್ವಿಸ್‌ಗೆ ಸೇರುವುದಿಲ್ಲ.

ಸಂಸಾರ ಇಲ್ಲೇ ಇದ್ದರೆ ವೀಸಾ ಕಡೆಗೂ ಕಣ್ಣಿರಲಿ. ಹೆಂಡತಿ ಮಕ್ಕಳನ್ನು ಸ್ಪಾನ್ಸರ್ ಮಾಡಲು ಕನಿಷ್ಠ ಸಂಬಳ 4,000 ದಿರ್ಹಂ, ಕಂಪನಿ ಮನೆ ಕೊಟ್ಟಿದ್ದರೆ 3,000. ಕಡಿತದಿಂದ ಅದಕ್ಕಿಂತ ಕೆಳಗೆ ಹೋದರೆ ರಿನ್ಯೂವಲ್ ಹೊತ್ತಿಗೆ ಪಜೀತಿ.

ಇನ್ನು ಮನೆಯ ಲೆಕ್ಕ. ಊರಲ್ಲಿ ದುಡ್ಡು ಕಡಿಮೆಯಾದರೆ ಅಂಗಡಿಯವನ ಹತ್ತಿರ ಬರೆಸಿ ತರಬಹುದು, ಓನರ್ ಹತ್ತಿರ "ಮುಂದಿನ ವಾರ ಕೊಡ್ತೀನಿ" ಅನ್ನಬಹುದು. ಇಲ್ಲಿ ಬಾಡಿಗೆಗೆ ಮುಂಗಡ ದಿನಾಂಕ ಹಾಕಿದ ಚೆಕ್‌ಗಳನ್ನು ಮೊದಲೇ ಕೊಟ್ಟಿರುತ್ತೀರಿ. ನಿಮ್ಮ ಸಂಬಳ ಕಮ್ಮಿಯಾಯಿತು ಅಂತ ಆ ಚೆಕ್‌ಗೆ ಗೊತ್ತಿಲ್ಲ, ಅದರ ದಿನಕ್ಕೆ ಅದು ಬ್ಯಾಂಕಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇವೆ. ಚೆಕ್ ನಂಬರ್, ತಾರೀಕು, ಮೊತ್ತ, ಅಷ್ಟೇ. ಸಾಸಿವೆ ಡಬ್ಬಿ ತೆಗೆಯುವಾಗೆಲ್ಲ ಕಣ್ಣಿಗೆ ಬೀಳುತ್ತದೆ. ಫೋನಿನ ರಿಮೈಂಡರ್‌ಗಿಂತ ಇದೇ ವಾಸಿ. ಗಂಡ ಹೆಂಡತಿ ಇಬ್ಬರಿಗೂ ಕಾಣುತ್ತದಲ್ಲ.

2022ರ ಜನವರಿಯಿಂದ, ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಬೌನ್ಸ್ ಆದರೆ ಮೊದಲಿನ ಹಾಗೆ ಪೊಲೀಸ್ ಕೇಸ್ ಆಗುವುದಿಲ್ಲ. ಹಾಗಂತ ನಿರಾಳವಾಗಬೇಡಿ. ಚೆಕ್ ಕೈಲಿರುವವರು ಈಗ ನೇರವಾಗಿ ಕೋರ್ಟಿನ ಜಾರಿ ವಿಭಾಗಕ್ಕೆ ಹೋಗಬಹುದು. ಅಲ್ಲಿಂದ ಖಾತೆ ಬ್ಲಾಕ್ ಆಗಬಹುದು, ಟ್ರಾವೆಲ್ ಬ್ಯಾನ್ ಬೀಳಬಹುದು. ಆದ್ದರಿಂದ ತಿಂಗಳ ಮೊದಲ ದುಡ್ಡು ಬಾಡಿಗೆ ಚೆಕ್‌ಗೆ. ಆಗುವುದಿಲ್ಲ ಅನ್ನಿಸಿದರೆ ಚೆಕ್ ತಾರೀಕಿಗೆ ಮುಂಚೆಯೇ ಓನರ್ ಅಥವಾ ಏಜೆಂಟ್ ಹತ್ತಿರ ಹೋಗಿ, ದೊಡ್ಡ ಚೆಕ್ ಒಡೆದು ಎರಡು ಚಿಕ್ಕ ಚೆಕ್ ಮಾಡಿಕೊಡಲು ಕೇಳಿ. ಬೌನ್ಸ್ ಆದ ಮೇಲೆ ಹೋದರೆ ಮಾತಿನ ಧಾಟಿಯೇ ಬೇರೆ ಇರುತ್ತದೆ. ಚಿಕ್ಕ ಮನೆಗೆ ಹೋಗುವ ಯೋಚನೆ ಇದ್ದರೆ, ಅವಧಿಗೆ ಮುಂಚೆ ಬಿಟ್ಟರೆ ಎಷ್ಟು ದಂಡ ಅಂತ ಕಾಂಟ್ರ್ಯಾಕ್ಟ್‌ನಲ್ಲಿ ನೋಡಿಕೊಳ್ಳಿ. ಹೊಸ ಮನೆ ನೋಡುವಾಗ ಎಸಿಯ ಚಿಲ್ಲರ್ (ಇಡೀ ಕಟ್ಟಡಕ್ಕೆ ತಂಪು ಕೊಡುವ ಯಂತ್ರ) ಖರ್ಚು ಬಾಡಿಗೆಯೊಳಗೇ ಬರುತ್ತದಾ ಅಂತ ಕೇಳಿ. ಜುಲೈ ಆಗಸ್ಟ್‌ನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು ಬ್ಯಾಂಕ್. ಸಾಲದ ಇಎಂಐ ತಪ್ಪುವ ಮುಂಚೆಯೇ ಬ್ರಾಂಚಿಗೆ ಹೋಗಿ, ಕಡಿತದ ಪತ್ರ ತೋರಿಸಿ, ಕಂತು ಮುಂದೂಡಲು ಅಥವಾ ಅವಧಿ ಜಾಸ್ತಿ ಮಾಡಲು ಕೇಳಿ. ಇಮೇಲ್‌ನಲ್ಲೂ ಕೇಳಿ, ದಾಖಲೆ ಇರಲಿ. ಕ್ರೆಡಿಟ್ ಕಾರ್ಡಿಗೆ ಮಿನಿಮಮ್ ಮಾತ್ರ ಕಟ್ಟುತ್ತಾ ಹೋಗುವುದು ನನ್ನ ಪ್ರಕಾರ ಅತಿ ಕೆಟ್ಟ ದಾರಿ. ಅದಕ್ಕಿಂತ ಕಾರ್ಡ್ ಬಾಕಿಯನ್ನು ಕಂತು ಮಾಡಿಸಿ, ಕಾರ್ಡನ್ನು ಪರ್ಸಿನಿಂದ ತೆಗೆದಿಡಿ. ಕರಾಮದಲ್ಲೋ ದೇರಾದಲ್ಲೋ ಬಡ್ಡಿಗೆ ಕೈಸಾಲ ಕೊಟ್ಟು, ಖಾಲಿ ಚೆಕ್ ಮೇಲೆ ಸಹಿ ಮಾಡಿಸಿಕೊಳ್ಳುವವರಿದ್ದಾರೆ, ಪಾಸ್‌ಪೋರ್ಟ್ ಇಟ್ಟುಕೊಳ್ಳುವವರೂ ಇದ್ದಾರೆ. ನಮ್ಮ ಭಾಷೆಯಲ್ಲೇ ಮಾತಾಡಿದರೂ ಅವರ ಹತ್ತಿರ ಹೋಗಬೇಡಿ.

ಸ್ಕೂಲ್ ಫೀಸು ಮೂರನೆಯದು. ಅಕೌಂಟ್ಸ್ ವಿಭಾಗಕ್ಕೆ ಪತ್ರ ಕೊಟ್ಟರೆ ಎಷ್ಟೋ ಶಾಲೆಗಳು ಟರ್ಮ್ ಫೀಸನ್ನು ತಿಂಗಳ ಕಂತು ಮಾಡಿಕೊಡುತ್ತವೆ. ನಾಚಿಕೆ ಬೇಡ, ನಿಮ್ಮ ಮುಂದೆಯೂ ಹಿಂದೆಯೂ ಇದೇ ಪತ್ರ ಹಿಡಿದವರು ಇರುತ್ತಾರೆ.

ಅಡುಗೆಮನೆ ಖರ್ಚು ಇಳಿಸುವುದು ಇವೆಲ್ಲಕ್ಕಿಂತ ಸುಲಭ. ಅದಕ್ಕೇ ಜನ ಮೊದಲು ಅಲ್ಲಿಗೇ ಕತ್ತರಿ ಹಾಕುತ್ತಾರೆ, ಉಳಿಯುವುದು ಮಾತ್ರ ಅಷ್ಟಕ್ಕಷ್ಟೇ. ನಾಲ್ಕು ಮನೆಯವರು ಸೇರಿ ಅಲ್ ಅವೀರ್ ತರಕಾರಿ ಮಾರ್ಕೆಟ್‌ನಿಂದ ಬಾಕ್ಸ್ ಲೆಕ್ಕದಲ್ಲಿ ಟೊಮೆಟೊ, ಈರುಳ್ಳಿ ತಂದು ಹಂಚಿಕೊಳ್ಳಿ. ಬಂಗುಡೆಯಂಥ ಮೀನಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಅಥವಾ ಶಾರ್ಜಾದ ಜುಬೈಲ್. ಮಂಗಳೂರು ಕುಚ್ಚಲಕ್ಕಿ ಕಿಸೆಗೆ ಭಾರವಾದರೆ ಕೇರಳದ ಅಕ್ಕಿಯಲ್ಲಿ ಗಂಜಿ ಆಗುವುದಿಲ್ಲವೇ? ನಮ್ಮಜ್ಜಿ ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ. ನಿಜಕ್ಕೂ ದುಡ್ಡು ಸೋರುವುದು ಓಡಾಟದಲ್ಲಿ. ಪೆಟ್ರೋಲ್, ಪಾರ್ಕಿಂಗ್, ಸಾಲಿಕ್ (ದುಬೈ ರಸ್ತೆಯ ಟೋಲ್) ಕೂಡಿಸಿ ನೋಡಿ. ಮೆಟ್ರೋದ ಎಲ್ಲಾ ಝೋನ್‌ಗೂ ಸೇರಿ 30 ದಿನದ ಪಾಸ್ 350 ದಿರ್ಹಂ.

ಈಗ ಊರಿಗೆ ಕಳಿಸುವ ದುಡ್ಡು. ಇದು ಲೆಕ್ಕಕ್ಕಿಂತ ಮಾತಿನ ಕಷ್ಟ. ಅಪ್ಪನಿಗೆ ಫೋನ್ ಮಾಡಿ "ಈ ಆರು ತಿಂಗಳು ಅರ್ಧ ಮಾತ್ರ ಕಳಿಸ್ತೀನಿ" ಅನ್ನುವುದಕ್ಕಿಂತ ಇಲ್ಲಿ ಸಾಲ ಮಾಡಿ ಕಳಿಸುವುದೇ ಹಗುರ ಅಂತ ಎಷ್ಟೋ ಜನಕ್ಕೆ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟುತ್ತಿರುವ ಮನೆಯ ಕೆಲಸ ಲಿಂಟಲ್ ಮಟ್ಟದಲ್ಲಿ ನಿಂತರೆ ನಿಲ್ಲಲಿ. ದಿರ್ಹಮಿನ ಬೆಲೆ ಡಾಲರಿಗೆ ಕಟ್ಟಿಹಾಕಿದೆ, ಒಂದು ಡಾಲರಿಗೆ 3.6725. ಹೀಗಾಗಿ ಡಾಲರಿನೆದುರು ರೂಪಾಯಿ ಬಿದ್ದಾಗ ದಿರ್ಹಮಿಗೆ ಜಾಸ್ತಿ ರೂಪಾಯಿ ಸಿಗುತ್ತದೆ. "ರೇಟ್ ಚೆನ್ನಾಗಿದೆ" ಅಂತ ಆಗ ಇಲ್ಲಿನ ಖರ್ಚಿನ ದುಡ್ಡನ್ನೂ ಕಳಿಸಿಬಿಡುವ ಆಸೆ ಬರುತ್ತದೆ. ಕೆಲಸ ಅಲ್ಲಾಡುತ್ತಿರುವಾಗ ಕನಿಷ್ಠ ಮೂರು ತಿಂಗಳ ಖರ್ಚು ಇಲ್ಲೇ, ದಿರ್ಹಮಿನಲ್ಲೇ ಇರಬೇಕು. ಎನ್‌ಆರ್‌ಇ ಖಾತೆಯಲ್ಲಿರುವ (ಹೊರದೇಶದಲ್ಲಿರುವವರು ಭಾರತದ ಬ್ಯಾಂಕಿನಲ್ಲಿ ತೆರೆಯುವ ಖಾತೆ) ದುಡ್ಡನ್ನು ಇಲ್ಲಿಗೆ ವಾಪಸ್ ತರಿಸಬಹುದು. ಅಪ್ಪನ ಉಳಿತಾಯ ಖಾತೆಗೆ ಹೋದದ್ದು ಅಷ್ಟು ಸಲೀಸಾಗಿ ಬರುವುದಿಲ್ಲ. ಎನ್‌ಆರ್‌ಇ ಎಫ್‌ಡಿಯನ್ನು ಒಂದು ವರ್ಷ ತುಂಬುವ ಮುಂಚೆ ಮುರಿದರೆ ಬಡ್ಡಿಯೇ ಇಲ್ಲ. ಅಂಥದ್ದನ್ನು ಮುರಿಯುವ ಬದಲು ಅದರ ಮೇಲೆ ಸಾಲ ಸಿಗುತ್ತದಾ ಕೇಳಿ.

ಕಡಿತದ ಹಿಂದೆಯೇ ಕೆಲಸವೂ ಹೋದರೆ ಐಎಲ್‌ಒಇ ಇದೆ. 2023ರ ಜನವರಿಯಿಂದ ಕಡ್ಡಾಯವಾದ ಉದ್ಯೋಗ ನಷ್ಟದ ವಿಮೆ ಇದು. ಬೇಸಿಕ್ 16,000ದವರೆಗೆ ಇದ್ದರೆ ತಿಂಗಳಿಗೆ 5 ದಿರ್ಹಂ ಪ್ರೀಮಿಯಂ. ಕೆಲಸ ಹೋದರೆ ಬೇಸಿಕ್‌ನ ಶೇ 60, ಗರಿಷ್ಠ ಮೂರು ತಿಂಗಳು. ಕೊನೆಯ ಆರು ತಿಂಗಳ ಬೇಸಿಕ್‌ನ ಸರಾಸರಿ ತೆಗೆಯುತ್ತಾರೆ. ಅಂದರೆ ಬೇಸಿಕ್ ಇಳಿಸಿಕೊಂಡವರಿಗೆ ಇಲ್ಲೂ ಏಟು. ಕನಿಷ್ಠ 12 ತಿಂಗಳು ಪ್ರೀಮಿಯಂ ಕಟ್ಟಿರಬೇಕು, ಕೆಲಸ ಹೋದ 30 ದಿನದೊಳಗೆ ಕ್ಲೇಮ್ ಹಾಕಬೇಕು. ನೀವಾಗಿ ರಾಜೀನಾಮೆ ಕೊಟ್ಟರೆ ಒಂದು ಪೈಸೆಯೂ ಇಲ್ಲ. "ರಿಸೈನ್ ಮಾಡಿದರೆ ನಿಮಗೇ ಒಳ್ಳೆಯದು" ಅನ್ನುವ ಮ್ಯಾನೇಜರ್ ಸಲಹೆಯನ್ನು ಇದರ ಪಕ್ಕ ಇಟ್ಟು ತೂಗಿ.

ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೋಸ್ಕರ ಚಂದಾ ಎತ್ತಲು ಹೋಗಬೇಡಿ, ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಇಲ್ಲಿ ಅಪರಾಧ. ತೀರಾ ಕಷ್ಟದಲ್ಲಿದ್ದವರಿಗೆ ಭಾರತೀಯ ಕಾನ್ಸುಲೇಟ್‌ನ ಸಹಾಯ ಕೇಂದ್ರ ಇದೆ, ನಂಬರ್ 800 46342. ವಿಮಾನ ಟಿಕೆಟ್‌ಗೆ, ತುರ್ತು ವಸತಿಗೆ ಅವರ ಹತ್ತಿರ ನಿಧಿ ಇರುತ್ತದೆ. ಸಂಬಳವೇ ಬಂದಿಲ್ಲ ಅಂದರೆ ಕಾರ್ಮಿಕ ಸಚಿವಾಲಯಕ್ಕೆ ಆನ್‌ಲೈನ್ ದೂರು ಕೊಡಬಹುದು.

ಕೊನೆಗೆ ವೀಸಾ ಕ್ಯಾನ್ಸಲ್ ಕಾಗದ. ಅದರಲ್ಲಿ "ನನಗೆ ಬರಬೇಕಾದ್ದೆಲ್ಲ ಬಂದಿದೆ" ಅಂತ ಒಂದು ಸಾಲು ಇರುತ್ತದೆ. ದುಡ್ಡು ಖಾತೆಗೆ ಬೀಳುವ ಮುಂಚೆ ಅದಕ್ಕೆ ಸಹಿ ಹಾಕಬೇಡಿ. ಕೆಲಸ ಮುಗಿದ 14 ದಿನದೊಳಗೆ ಕಂಪನಿ ಬಾಕಿ ಚುಕ್ತಾ ಮಾಡಬೇಕು. ಬ್ಯಾಂಕಿನಲ್ಲಿ ಸಾಲ ಇದ್ದರೆ ಆ ದುಡ್ಡು ಬಿದ್ದ ಕೂಡಲೇ ಬ್ಯಾಂಕ್ ತಡೆಹಿಡಿಯುವ ಸಂಭವ ಇದೆ, ಅದಕ್ಕೆ ಮೊದಲೇ ಮಾತಾಡಿಕೊಂಡಿರಿ. ಕ್ಯಾನ್ಸಲ್ ಆದ ಮೇಲೆ ಇಲ್ಲಿ ಎಷ್ಟು ದಿನ ಇರಬಹುದು ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಪಕ್ಕದ ರೂಮಿನವರನ್ನು ಕೇಳಬೇಡಿ, ನಿಮ್ಮದೇ ಕಾಗದದಲ್ಲಿರುವ ತಾರೀಕು ನೋಡಿ. ಅದು ದಾಟಿದರೆ ದಿನಕ್ಕೆ 50 ದಿರ್ಹಂ ದಂಡ, ಹೆಂಡತಿ ಮಕ್ಕಳಿಗೂ ಬೇರೆ ಬೇರೆಯಾಗಿ.