ಪೇಟೆಗೆ ನೀರು ನುಗ್ಗುವ ಮುನ್ನ ಬರೆದಿಡಬೇಕಾದ ಲೆಕ್ಕ

ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಮಾಮೂಲ್‌ಪೇಟೆಗಳ ಸಣ್ಣ ವರ್ತಕರ ತೆರಿಗೆ ಲೆಕ್ಕ ಬರೆಯುವುದು ನನ್ನ ವೃತ್ತಿ. ಮಳೆನೀರು ನುಗ್ಗಿದ ಅಥವಾ ಬೆಂಕಿ ಬಿದ್ದ ಅಂಗಡಿಗಳು ಮತ್ತೆ ಬಾಗಿಲು ತೆರೆಯುವವರೆಗೆ ಮಾಲೀಕರ ಜೊತೆಗಿದ್ದು ದುಡಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಸರಕು ಕಳೆದುಕೊಂಡವರು ಚೇತರಿಸಿಕೊಳ್ಳುತ್ತಾರೆ, ಆದರೆ ಎಷ್ಟು ಸರಕಿತ್ತೆಂದು ತೋರಿಸಲಾಗದವರು ಚೇತರಿಸಿಕೊಳ್ಳುವುದು ಬಹಳ ಕಷ್ಟ.

ಈ ಭಾಗದಲ್ಲಿ ನೀರು ನಿಲ್ಲುವುದು ಆಶ್ಚರ್ಯವಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದದ್ದೇ ಸಿದ್ಧಿಕಟ್ಟೆ ಕೆರೆಯಿದ್ದ ಜಾಗದಲ್ಲಿ. ಬಾಡಿಗೆಯ ಭಾರಕ್ಕೆ ಅಂಜಿ ಬಟ್ಟೆ, ಕಾಗದಗಳ ದಾಸ್ತಾನನ್ನು ನೆಲಮಾಳಿಗೆಯಲ್ಲಿಡುವವರೂ ಹಲವರಿದ್ದಾರೆ.

ಮಾರ್ಚ್ 31ರ ದಾಸ್ತಾನು ಎಣಿಕೆ ಮುಗಿದೊಡನೆ, ಏಪ್ರಿಲ್‌ನ ಗುಡುಗುಮಳೆಗೆ ಮುನ್ನ, ಆ ಪಟ್ಟಿಯನ್ನೂ ವಿಮೆಯ ಪಾಲಿಸಿಯನ್ನೂ ಅಕ್ಕಪಕ್ಕ ಇಟ್ಟು ಓದುತ್ತೇನೆ. ಗೋದಾಮಿನ ವಿಳಾಸ, ನೆಲಮಾಳಿಗೆಯ ಸರಕು ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಾಗಿರಬೇಕು. ಅದಕ್ಕಿಂತ ಮುಖ್ಯವಾದದ್ದು ವಿಮಾ ಮೊತ್ತ. 20 ಲಕ್ಷ ರೂಪಾಯಿಯ ಸರಕಿಗೆ 10 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದರೆ, 4 ಲಕ್ಷ ನಷ್ಟವಾದಾಗ ಸರಾಸರಿ ನಿಯಮದಂತೆ, ಅಂದರೆ ವಿಮೆ ಮಾಡಿಸಿದ ಪಾಲಿನಷ್ಟೇ ಪರಿಹಾರವೆಂಬ ಲೆಕ್ಕದಂತೆ, ಸಿಗುವುದು 2 ಲಕ್ಷ ಮಾತ್ರ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯು ವಿಮಾ ಮೊತ್ತದಲ್ಲಿ ಶೇ 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ. ಕಂತು ಉಳಿಸಲು ಅರ್ಧಕ್ಕೇ ವಿಮೆ ಮಾಡಿಸಿದವರನ್ನು ಅದೂ ಕಾಯುವುದಿಲ್ಲ.

ಅನೇಕರಿಗೆ ಗೊತ್ತಿಲ್ಲದ ಇನ್ನೊಂದು ಹೊರೆಯಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ವಿಧಿಯ ಪ್ರಕಾರ, ನಾಶವಾದ ಸರಕಿನ ಮೇಲೆ ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ವಜಾ) ವರ್ತಕನು ಹಿಂತಿರುಗಿಸಬೇಕು. ಸರಕು ಹೋದವನ ಮೇಲೆ ತೆರಿಗೆಯ ಭಾರವೂ ಬೀಳುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೂ ಕಾನೂನು ಹಾಗಿದೆ. ಆದ್ದರಿಂದ ವಿಮಾ ಮೊತ್ತ ನಿಗದಿಪಡಿಸುವಾಗಲೇ ತೆರಿಗೆಯನ್ನೂ ಸೇರಿಸಿರೆಂದು ಒತ್ತಾಯಿಸುತ್ತೇನೆ.

ನೀರಿಳಿದ ಬೆಳಿಗ್ಗೆ ಎಲ್ಲರ ಕೈಯೂ ಮೊದಲು ಪೊರಕೆಗೆ ಹೋಗುತ್ತದೆ. ನಾನು ತಡೆದು ನಿಲ್ಲಿಸುತ್ತೇನೆ. ಗೋಡೆಯ ಮೇಲಿನ ನೀರಿನ ಗುರುತು, ನೆನೆದ ಥಾನುಗಳು, ಅವುಗಳ ಚೀಟಿಗಳು, ಎಲ್ಲದರ ಫೋಟೊ ತೆಗೆದು, ವಿಮಾ ಕಂಪನಿಗೆ ತಿಳಿಸಿ, ನಷ್ಟ ಅಂದಾಜಿಸುವ ಸರ್ವೇಯರ್ ನೋಡುವವರೆಗೆ ಏನನ್ನೂ ಎಸೆಯಬಾರದು. ಖರೀದಿ ಬಿಲ್ಲುಗಳು ಕರಗಿಹೋಗಿದ್ದರೂ ಜಿಎಸ್‌ಟಿ ಪೋರ್ಟಲ್‌ನ 2ಬಿ ಎಂಬ ಖರೀದಿ ವಿವರಪಟ್ಟಿಯಲ್ಲಿ ಮಾರಾಟಗಾರರು ಸಲ್ಲಿಸಿದ ಬಿಲ್ಲುಗಳ ವಿವರ ಉಳಿದಿರುತ್ತದೆ. ಅದರೊಂದಿಗೆ ಸಾಲ ಕೊಟ್ಟ ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ದಾಸ್ತಾನು ಪಟ್ಟಿಯನ್ನು ಹೊಂದಿಸಿದರೆ ಬಹುಪಾಲು ಲೆಕ್ಕ ಮರಳಿ ಕಟ್ಟಬಹುದು.

ಬಿಲ್ಲೇ ಇಲ್ಲದ ಪಾದಚಾರಿ ಮಾರ್ಗದ ವ್ಯಾಪಾರಿಗಳ ಚಿಂತೆ ನನ್ನನ್ನು ಬಿಟ್ಟಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಸಿಗುವ ಪ್ರಮಾಣಪತ್ರ ಅವರ ಕೈಯಲ್ಲಿದ್ದರೆ ಬೀದಿ ವ್ಯಾಪಾರಿಗಳಿಗೆಂದೇ ಇರುವ ಕೇಂದ್ರದ ಪಿಎಂ ಸ್ವನಿಧಿ ಸಾಲಕ್ಕೆ ಅರ್ಜಿ ಹಾಕುವುದು ಸುಲಭ. ಅಂಗಡಿಗಳ ಕಾಗದ ಪತ್ರ ಸರಿಪಡಿಸುವ ದಿನಗಳಲ್ಲೇ, ಅವೇ ಅಂಗಡಿಗಳ ಮುಂದೆ ಕೂರುವ ಇವರ ಅರ್ಜಿಗಳನ್ನೂ ತುಂಬಿಕೊಡುತ್ತೇನೆ.