ಅಮೆರಿಕದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಇದ್ದೂ ಧರ್ಮದ ಹೆಸರಿನ ವಿರೋಧ ಏಕೆ ನಿಂತಿಲ್ಲ?

2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಬರ್ಗೆಫೆಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಾಗ ಐವತ್ತೂ ರಾಜ್ಯಗಳಲ್ಲಿ ಸಲಿಂಗ ವಿವಾಹ ಕಾನೂನುಬದ್ಧವಾಯಿತು. ಅಲ್ಲಿಗೆ ವಿಷಯ ಇತ್ಯರ್ಥವಾಯಿತೆಂದು ಭಾರತದಿಂದ ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮವರಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೆ ಆ ತೀರ್ಪು ಬಂದದ್ದು ಐದು–ನಾಲ್ಕರ ಬಹುಮತದಲ್ಲಿ, ಅದೂ ಮದುವೆಯ ಮಟ್ಟಿಗೆ ಮಾತ್ರ. ಕೆಲಸ, ಅಂಗಡಿ, ಶಾಲೆ, ಆಸ್ಪತ್ರೆ, ಇವೆಲ್ಲಕ್ಕೂ ಬೇರೆ ಬೇರೆ ಕಾನೂನುಗಳಿವೆ. ಧಾರ್ಮಿಕ ಸಂಪ್ರದಾಯವಾದಿಗಳ ಹೋರಾಟ ಈಗ ನಡೆಯುತ್ತಿರುವುದು ಹೆಚ್ಚಾಗಿ ಅಲ್ಲಿಯೇ.

ಈ ವಿರೋಧಕ್ಕೆ ಸಂಘಟಿತ ರಾಜಕೀಯ ರೂಪ ಬಂದದ್ದು 1970ರ ದಶಕದಲ್ಲಿ. ಫ್ಲಾರಿಡಾದ ಡೇಡ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಸಲಿಂಗಿಗಳ ವಿರುದ್ಧದ ತಾರತಮ್ಯವನ್ನು ನಿಷೇಧಿಸಿದಾಗ, ಗಾಯಕಿ ಅನಿಟಾ ಬ್ರಯಂಟ್ 1977ರಲ್ಲಿ ‘ನಮ್ಮ ಮಕ್ಕಳನ್ನು ಉಳಿಸಿ’ ಎಂಬ ಹೆಸರಿನಲ್ಲಿ ಅಭಿಯಾನ ನಡೆಸಿದರು. ಮತದಾರರು ಆ ನಿಯಮವನ್ನು ಭಾರಿ ಅಂತರದಿಂದ ರದ್ದು ಮಾಡಿದರು. ಎರಡು ವರ್ಷಗಳ ನಂತರ ಬ್ಯಾಪ್ಟಿಸ್ಟ್ ಪಾದ್ರಿ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಸಂಘಟನೆಯನ್ನು ಕಟ್ಟಿ ಚರ್ಚಿನ ಭಕ್ತರನ್ನು ಮತಗಟ್ಟೆಗೆ ಕರೆತಂದರು. ಮಕ್ಕಳಿಗೆ ಅಪಾಯವಿದೆ ಎಂಬ ಭಯವನ್ನು ಬಿತ್ತುವ ಆ ವಿಧಾನ ಇಂದಿಗೂ ಬದಲಾಗಿಲ್ಲ. ನಿಮ್ಮ ಊರಿನ ಶಾಲಾ ಮಂಡಳಿಯ ಚುನಾವಣೆಯ ಕರಪತ್ರವನ್ನು ಓದುವಾಗ ಈ ಚರಿತ್ರೆ ನೆನಪಿನಲ್ಲಿರಲಿ.

ಹಾಗೆಂದು ಕ್ರೈಸ್ತರೆಲ್ಲರೂ ಒಂದೇ ಕಡೆ ನಿಂತಿಲ್ಲ. ಒಬರ್ಗೆಫೆಲ್ ತೀರ್ಪನ್ನು ರದ್ದುಗೊಳಿಸಬೇಕೆಂದು ಸದರ್ನ್ ಬ್ಯಾಪ್ಟಿಸ್ಟ್ ಸಭೆ ಎಂಬ ಪ್ರಾಟೆಸ್ಟಂಟ್ ಪಂಗಡ 2025ರಲ್ಲಿ ನಿರ್ಣಯ ಅಂಗೀಕರಿಸಿದೆ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹ ನಿಷೇಧದ ಜನಮತಗಣನೆ ಗೆಲ್ಲಲು ಮಾರ್ಮನ್ ಚರ್ಚ್ ಮತ್ತು ಕ್ಯಾಥೊಲಿಕ್ ಧರ್ಮಗುರುಗಳ ಬೆಂಬಲ ದೊಡ್ಡ ಬಲವಾಗಿತ್ತು. ಇನ್ನೊಂದೆಡೆ, ಎಪಿಸ್ಕೋಪಲ್ ಚರ್ಚ್ 2003ರಲ್ಲಿಯೇ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ಜೀನ್ ರಾಬಿನ್‌ಸನ್ ಅವರನ್ನು ಬಿಷಪ್ ಆಗಿ ಆರಿಸಿತು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 2005ರಲ್ಲಿ ಸಮಾನ ವಿವಾಹವನ್ನು ಬೆಂಬಲಿಸಿತು. ಯುನೈಟೆಡ್ ಮೆಥಡಿಸ್ಟ್ ಚರ್ಚ್ ಸಲಿಂಗಿ ಪಾದ್ರಿಗಳ ಮೇಲಿನ ನಿಷೇಧವನ್ನು 2024ರಲ್ಲಿ ಕಿತ್ತುಹಾಕಿತು. ಪಕ್ಕದ ಮನೆಯವರು ಚರ್ಚಿಗೆ ಹೋಗುತ್ತಾರೆ ಎಂಬ ಒಂದೇ ಕಾರಣಕ್ಕೆ ಅವರ ನಿಲುವು ಇಂಥದ್ದೇ ಎಂದು ತೀರ್ಮಾನಿಸಬೇಡಿ.

ಈಗ ವ್ಯವಸ್ಥೆಯ ವಿಚಾರ. ನೀವು ಯಾರ ಬಾಗಿಲಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ನಿಮ್ಮ ಹಕ್ಕು ನಿರ್ಧಾರವಾಗುತ್ತದೆ.

ಸರ್ಕಾರಿ ಕಚೇರಿ ಸಲಿಂಗ ದಂಪತಿಗೆ ಮದುವೆಯ ಪರವಾನಗಿಯನ್ನು ನಿರಾಕರಿಸುವಂತಿಲ್ಲ. 2015ರಲ್ಲಿ ಕೆಂಟಕಿಯ ಕೌಂಟಿ ಕ್ಲರ್ಕ್ ಕಿಮ್ ಡೇವಿಸ್ ತಮ್ಮ ನಂಬಿಕೆಯ ಕಾರಣ ಕೊಟ್ಟು ನಿರಾಕರಿಸಿ, ನ್ಯಾಯಾಲಯದ ಆದೇಶವನ್ನೂ ಮೀರಿ ಜೈಲಿಗೆ ಹೋದರು. ಉದ್ಯೋಗದ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2020ರ ಬಾಸ್ಟಾಕ್ ತೀರ್ಪು ಗಟ್ಟಿ ಆಸರೆ. ಹದಿನೈದು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಯಾರನ್ನೂ ಸಲಿಂಗಿ ಅಥವಾ ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಧಾರ್ಮಿಕ ಸಂಸ್ಥೆಗಳಿಗೆ ಇಲ್ಲಿ ದೊಡ್ಡ ವಿನಾಯಿತಿಗಳಿವೆ. ತನ್ನ ಪಾದ್ರಿ, ಧರ್ಮಬೋಧಕರು ಯಾರಾಗಬೇಕೆಂಬ ಚರ್ಚಿನ ತೀರ್ಮಾನದಲ್ಲಿ ನ್ಯಾಯಾಲಯ ಕೈಹಾಕುವುದಿಲ್ಲ.

ಅಂಗಡಿ, ಹೋಟೆಲುಗಳ ಸ್ಥಿತಿ ಹೆಚ್ಚು ಗೋಜಲು. ಸಾರ್ವಜನಿಕ ಸೇವೆಗಳಲ್ಲಿ ತಾರತಮ್ಯವನ್ನು ತಡೆಯುವ 1964ರ ಕೇಂದ್ರ ಕಾನೂನು ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇವಿಷ್ಟನ್ನೇ ಹೆಸರಿಸುತ್ತದೆ. ಸಲಿಂಗಿಗಳಿಗೆ ಅಲ್ಲಿ ರಕ್ಷಣೆ ಸಿಗಬೇಕಾದರೆ ರಾಜ್ಯದ ಅಥವಾ ನಗರದ ಕಾನೂನು ಇರಬೇಕು. ಕೊಲೊರಾಡೊದಲ್ಲಿ ಅಂಥ ಕಾನೂನಿದೆ, ಆದ್ದರಿಂದಲೇ ಪ್ರಸಿದ್ಧ ಮೊಕದ್ದಮೆಗಳು ಅಲ್ಲಿಂದ ಬಂದವು. ಸಲಿಂಗ ಜೋಡಿಗೆ ಮದುವೆಯ ಕೇಕ್ ಮಾಡಿಕೊಡಲು ಒಪ್ಪದ ಬೇಕರಿಯವರು 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ರಾಜ್ಯದ ಆಯೋಗ ಅವರ ನಂಬಿಕೆಯ ಬಗ್ಗೆ ಹಗೆತನ ತೋರಿತು ಎಂಬುದು ಆ ಗೆಲುವಿಗೆ ಕಾರಣ. ಗಿರಾಕಿಯನ್ನು ಹೊರಗಟ್ಟಲು ಅದು ಪರವಾನಗಿಯಲ್ಲ. 2023ರಲ್ಲಿ ಕೋರ್ಟ್ ಇನ್ನೂ ಮುಂದೆ ಹೋಗಿ, ವೆಬ್‌ಸೈಟ್ ವಿನ್ಯಾಸಕಿಯೊಬ್ಬರಿಗೆ ತಮ್ಮ ನಂಬಿಕೆಗೆ ವಿರುದ್ಧವಾದ ಸಂದೇಶವನ್ನು ರಚಿಸುವಂತೆ ಒತ್ತಾಯಿಸುವಂತಿಲ್ಲ ಎಂದಿತು. ಸಿದ್ಧ ವಸ್ತುವನ್ನು ಮಾರುವುದಕ್ಕೂ ಅಭಿವ್ಯಕ್ತಿಯನ್ನು ರಚಿಸುವುದಕ್ಕೂ ನಡುವೆ ಗೆರೆ ಎಲ್ಲಿ ಎಂಬುದು ಇನ್ನೂ ಸ್ಪಷ್ಟವಾಗಿಲ್ಲ. ಆ ಅಸ್ಪಷ್ಟತೆಯ ಬೆಲೆಯನ್ನು ತೆರುವವರು ತಮ್ಮ ಮದುವೆಯ ಸಂಭ್ರಮದಲ್ಲಿರುವ ಜೋಡಿಗಳು ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

2015ರ ಸೋಲಿನ ನಂತರ ವಿರೋಧಿಗಳ ಗಮನ ಟ್ರಾನ್ಸ್‌ಜೆಂಡರ್ ಜನರ ಕಡೆಗೆ ತಿರುಗಿತು. ಸರ್ಕಾರಿ ಕಟ್ಟಡಗಳಲ್ಲಿ ಯಾರು ಯಾವ ಶೌಚಾಲಯವನ್ನು ಬಳಸಬೇಕೆಂದು ನಾರ್ತ್ ಕ್ಯಾರೊಲೈನಾ 2016ರಲ್ಲಿ ಕಾನೂನು ಮಾಡಿತು. ಹದಿನೆಂಟರೊಳಗಿನವರಿಗೆ ಲಿಂಗಪರಿವರ್ತನೆಯ ಭಾಗವಾಗಿ ಹಾರ್ಮೋನ್ ಮತ್ತು ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಔಷಧ ಕೊಡುವುದನ್ನು ನಿಷೇಧಿಸಿದ ಟೆನೆಸ್ಸಿ ಕಾನೂನನ್ನು ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ನಿಷೇಧವಿದೆ. ನಿಮ್ಮ ಮನೆಯಲ್ಲಿ ಟ್ರಾನ್ಸ್‌ಜೆಂಡರ್ ಮಗು ಇದ್ದರೆ, ಬೇರೆ ರಾಜ್ಯದಲ್ಲಿ ಸಿಕ್ಕ ಉದ್ಯೋಗವನ್ನು ಒಪ್ಪಿಕೊಳ್ಳುವ ಮೊದಲು ಅಲ್ಲಿನ ಕಾನೂನನ್ನು ವಕೀಲರಲ್ಲಿ ಕೇಳಿ ತಿಳಿಯಿರಿ. ಸಂಬಳ, ಮನೆ ಬಾಡಿಗೆಗಳ ಲೆಕ್ಕ ಆಮೇಲೆ.

ಶಾಲೆಯ ವಿಷಯ ನಮ್ಮವರನ್ನು ನೇರವಾಗಿ ತಟ್ಟುತ್ತದೆ. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಸಲಿಂಗಿ ಮತ್ತು ಟ್ರಾನ್ಸ್‌ಜೆಂಡರ್ ಪಾತ್ರಗಳಿರುವ ಕಥೆಪುಸ್ತಕಗಳನ್ನು ತರಗತಿಯಲ್ಲಿ ಓದುವುದಕ್ಕೆ ಮುಸ್ಲಿಂ ಮತ್ತು ಕ್ರೈಸ್ತ ಪೋಷಕರು ಒಟ್ಟಾಗಿ ಆಕ್ಷೇಪಿಸಿದರು. ಮೊಕದ್ದಮೆ ನಡೆಯುತ್ತಿರುವಾಗ ಅವರು ತಮ್ಮ ಮಕ್ಕಳನ್ನು ಆ ಪಾಠದಿಂದ ಹೊರಗಿಡಲು ಅವಕಾಶವಿರಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂಥ ಹೋರಾಟಗಳಲ್ಲಿ ಸಹಿ ಕೇಳಲು ವಲಸಿಗ ಪೋಷಕರ ಬಳಿಗೂ ಬರುತ್ತಾರೆ. ‘ಕುಟುಂಬ ಮೌಲ್ಯ’ ಎಂಬ ಮಾತು ಕೇಳಿದೊಡನೆ ನಮ್ಮ ತಲೆ ತಾನಾಗಿ ಆಡುತ್ತದೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ತೀರ್ಮಾನಿಸಿ. ನಿಮ್ಮ ಮಗುವಿನ ಪಕ್ಕದ ಬೆಂಚಿನಲ್ಲಿ ಇಬ್ಬರು ತಾಯಂದಿರ ಮಗು ಕೂತಿರಬಹುದು. ನಿಮಗಿನ್ನೂ ಹೇಳಲು ಧೈರ್ಯ ಬಾರದ ನಿಮ್ಮದೇ ಮಗುವಿನ ವಿರುದ್ಧವೂ ಆ ಸಹಿ ನಿಲ್ಲಬಹುದು.

ಧಾರ್ಮಿಕ ಸ್ವಾತಂತ್ರ್ಯದ ರಕ್ಷಣೆ ನಮ್ಮ ದೇವಸ್ಥಾನಗಳಿಗೂ ಇದೆ. ಸಲಿಂಗ ವಿವಾಹ ನೆರವೇರಿಸಲು ಯಾವ ಪುರೋಹಿತರನ್ನೂ ಸರ್ಕಾರ ಬಲವಂತ ಮಾಡುವಂತಿಲ್ಲ. ನೆರವೇರಿಸಬಾರದೆಂದು ತಡೆಯುವಂತೆಯೂ ಇಲ್ಲ. ಆದ್ದರಿಂದ ‘ಕಾನೂನು ಒಪ್ಪುವುದಿಲ್ಲ’ ಎಂದು ಆಡಳಿತ ಮಂಡಳಿ ಹೇಳಿದರೆ ಅದು ನಿಜವಲ್ಲ. ಆ ತೀರ್ಮಾನ ಮಂಡಳಿಯದೇ, ಸದಸ್ಯರು ಅದನ್ನು ಪ್ರಶ್ನಿಸಬಹುದು.

ಭಾರತದಿಂದ ಬರುವ ಸಲಿಂಗ ಜೋಡಿಗಳಿಗೆ ಇನ್ನೊಂದು ತೊಡಕಿದೆ. 2018ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತಾದರೂ, 2023ರ ಅಕ್ಟೋಬರ್ 17ರಂದು ಮದುವೆಗೆ ಮಾನ್ಯತೆ ಕೊಡಲು ನಿರಾಕರಿಸಿತು. ಸಂಗಾತಿಗೆ ಎಚ್-4 ವೀಸಾ (ಎಚ್-1ಬಿ ಉದ್ಯೋಗ ವೀಸಾದಂಥವುಗಳಲ್ಲಿ ಇರುವವರ ಕುಟುಂಬಕ್ಕೆ ಕೊಡುವ ವೀಸಾ) ಬೇಕಾದರೆ, ಮದುವೆ ಕಾನೂನುಬದ್ಧವಾಗಿರುವ ಕಡೆ ನಡೆದಿರಬೇಕು. ಅಮೆರಿಕದಲ್ಲಿಯೇ ಮದುವೆಯಾಗಲು ಇಲ್ಲಿನ ಪೌರತ್ವ ಬೇಕಿಲ್ಲ.

ಒಬರ್ಗೆಫೆಲ್ ತೀರ್ಪು ಮುಂದೊಂದು ದಿನ ಬಿದ್ದುಹೋದರೆ ಎಂಬ ಭಯ ಅನೇಕ ಮನೆಗಳಲ್ಲಿದೆ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಆಗಲೂ ಕೇಂದ್ರ ಸರ್ಕಾರ ಮತ್ತು ಎಲ್ಲ ರಾಜ್ಯಗಳು ಬೇರೆಡೆ ಸಕ್ರಮವಾಗಿ ನಡೆದ ಮದುವೆಯನ್ನು ಗೌರವಿಸಲೇಬೇಕು. ಹೊಸ ಪರವಾನಗಿ ಕೊಡಬೇಕೆಂಬ ಕಟ್ಟುಪಾಡು ಮಾತ್ರ ಅದರಲ್ಲಿಲ್ಲ. ಮಕ್ಕಳಿದ್ದರೆ, ಜನ್ಮ ನೀಡದ ಪೋಷಕರು ನ್ಯಾಯಾಲಯದ ಮೂಲಕ ದತ್ತು ಆದೇಶ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ರಾಜ್ಯದ ಅಂಥ ಆದೇಶವನ್ನು ಇನ್ನೊಂದು ರಾಜ್ಯ ತಳ್ಳಿಹಾಕುವಂತಿಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜನನ ಪ್ರಮಾಣಪತ್ರದಲ್ಲಿ ಹೆಸರಿದೆಯೆಂದು ಸುಮ್ಮನಾಗಬೇಡಿ, ಈ ಆದೇಶವನ್ನೂ ಮಾಡಿಸಿಕೊಳ್ಳಿ.